ನೋಟ್ರಂಪ್ ಮೇಲೆ ಎದುರಾಳಿ ಬಾಯಿ ಹಾಕಿದರೆ

ಬ್ರಿಡ್ಜ್ ಆಡುವವರಿಗೆ ಮಾತ್ರ ಅರ್ಥವಾಗುವ ಜಗಳ ಇದು. ರಮ್ಮಿ ಬಳಗದವರು ಇವತ್ತೊಂದು ದಿನ ಸಹಿಸಿಕೊಳ್ಳಿ. ಇಬ್ಬರಿಬ್ಬರ ಜೋಡಿ; ತುರುಫು ಯಾವುದು, ಎಷ್ಟು ಟ್ರಿಕ್ ಗೆಲ್ಲುತ್ತೇವೆ ಅಂತ ಮೊದಲು ಬಿಡ್ ಹೇಳಿ, ಆಮೇಲೆ ಎಲೆ ಇಳಿಸುವ ಆಟ ಇದು.

ಪಾರ್ಟ್ನರ್ ಒಂದು ನೋಟ್ರಂಪ್ (ತುರುಫು ಇಲ್ಲದ ಆಟ) ಅಂತ ಓಪನ್ ಮಾಡಿದರು. ನಮ್ಮ ಲೆಕ್ಕದಲ್ಲಿ ಅಂದರೆ ಕೈಯಲ್ಲಿ 15ರಿಂದ 17 ಪಾಯಿಂಟ್ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1). ಎದುರಾಳಿ ಎರಡು ಸ್ಪೇಡ್ ಅಂದರು. ನನ್ನ ಕೈಯಲ್ಲಿ ಡೈಮಂಡ್ ರಾಣಿ, ಗುಲಾಮ, ಹತ್ತು ಸೇರಿ ಆರು ಎಲೆ, ಜೊತೆಗೆ ಹಾರ್ಟ್ ರಾಣಿ. ಉಳಿದದ್ದೆಲ್ಲ ಚಿಲ್ಲರೆ. ಒಟ್ಟು 5 ಪಾಯಿಂಟ್. ಅಲ್ಲಿಗೇ ನಿಲ್ಲಿಸೋಣ ಅಂತ ಮೂರು ಡೈಮಂಡ್ ಅಂದೆ. ಅವರಿಗೆ ಅದು 'ಗೇಮ್‌ಗೆ (ಬೋನಸ್ ಸಿಗುವಷ್ಟು ದೊಡ್ಡ ಬಿಡ್‌ಗೆ) ಹೋಗೋಣ' ಅಂತ ಕೇಳಿಸಿತು. ಸ್ಪೇಡ್ ರಾಜ ಬೇರೆ ಕೈಲಿತ್ತಲ್ಲ, ಮೂರು ನೋಟ್ರಂಪ್ ಅಂದೇಬಿಟ್ಟರು. ರಾಜನಿಗೆ ಮೊದಲ ಟ್ರಿಕ್ ಬಂತು. ಡೈಮಂಡ್ ಎಳೆದರೆ ಎಕ್ಕ ಅದೇ ಎದುರಾಳಿಯ ಹತ್ತಿರ! ಅದನ್ನು ಹಾಕಿ, ಹಿಂದೆಯೇ ಐದು ಸ್ಪೇಡ್ ಒಂದೊಂದಾಗಿ ಇಳಿಸಿದರು. ಎರಡು ಡೌನ್ (ಹೇಳಿದ್ದಕ್ಕಿಂತ ಎರಡು ಟ್ರಿಕ್ ಕಡಿಮೆ), ಅದೂ ವಲ್ನರಬಲ್ (ಸೋತರೆ ಹೆಚ್ಚು ಅಂಕ ಹೋಗುವ ಸರದಿ), 200 ಹೋಯಿತು. ಮೂರು ಡೈಮಂಡ್ ಆಗಿದ್ದರೆ 110 ನಮ್ಮದೇ.

ಟೀ ಕುಡಿಯುವಾಗ ಪಾರ್ಟ್ನರ್ ಪರಿಹಾರ ಹೇಳಿದರು. "ನೋಡಿ, ಇನ್ಮೇಲೆ ಅವರು ಏನೇ ಹೇಳಲಿ, ಡಬಲ್ ಅಂದ್ರೆ ನನ್ನ ಬಿಡ್ ಕದ್ದುಬಿಟ್ರು ಅಂತ. ತುಂಬಾ ಸುಲಭ."

ಅಂದರೆ, ಎದುರಾಳಿ ಹೇಳಿದ ಬಿಡ್ಡನ್ನೇ ನಾನು ಹೇಳಬೇಕೆಂದಿದ್ದೆ ಅನ್ನುವುದಕ್ಕೆ ಡಬಲ್; ಮೂಲದಲ್ಲಿ ಅದು 'ನೀವು ಸೋಲುತ್ತೀರಿ, ಪಣ ಹೆಚ್ಚಿಸಿ' ಎನ್ನುವ ಕೂಗು. ಸುಲಭವೇನೋ ಹೌದು, ಆದರೆ ವ್ಯರ್ಥ. ಎರಡು ಕ್ಲಬ್ ಮೇಲೆ ಡಬಲ್ ಸ್ಟೇಮನ್ (ನಾಲ್ಕು ಎಲೆಯ ಹಾರ್ಟ್ ಅಥವಾ ಸ್ಪೇಡ್ ಇದೆಯೇ ಎಂಬ ಪ್ರಶ್ನೆ) ಆಗಲಿ, ಒಪ್ಪುತ್ತೇನೆ. ಆದರೆ ಎರಡು ಹಾರ್ಟ್ (ಮಾಮೂಲಿಗೆ ನಮ್ಮ ಬಾಯಲ್ಲಿ ಅದು ಸ್ಪೇಡ್ ಇದೆ ಅನ್ನುವ ಸಂಕೇತ) ಮೇಲೆ ಡಬಲ್ ಮಾಡಿ ಸ್ಪೇಡ್ ತೋರಿಸುವುದು ಯಾಕೆ? ಎರಡು ಸ್ಪೇಡ್ ಅಂತ ನೇರವಾಗಿ ಹೇಳಬಹುದು, ಅಲ್ವಾ? ಅಷ್ಟಕ್ಕೆ ಡಬಲ್ ಕಳೆದುಕೊಂಡರೆ, ನಿಜವಾಗಿ ಹೊಡೆಯಬೇಕಾದಾಗ ಕೈಯಲ್ಲಿ ಕೋಲೇ ಇರುವುದಿಲ್ಲ. ಡಬಲ್ ಪೆನಾಲ್ಟಿಯೋ (ಅವರನ್ನು ಸೋಲಿಸೋಣ) ಟೇಕೌಟೋ (ನೀವು ಬೇರೆ ಸೂಟ್ ಹೇಳಿ), ಇಬ್ಬರೂ ಕೂತು ಮೊದಲೇ ಮಾತಾಡಿಕೊಳ್ಳಲಿ. ಇತ್ತೀಚೆಗೆ ಟೇಕೌಟ್ ಕಡೆಯವರೇ ಜಾಸ್ತಿ. ನನಗೂ ಅದೇ ಇಷ್ಟ, ಬೇಕಾದ ಕೈ ಅದಕ್ಕೇ ಹೆಚ್ಚು ಬರುತ್ತದೆ.

ನಮ್ಮ ಕಾಯಿಲೆಗೆ ಔಷಧಿ ಲೆಬೆನ್ಸೋಲ್ ಎಂಬ ಬಿಡ್ಡಿಂಗ್ ಒಪ್ಪಂದ. 1970ರಲ್ಲೇ ಪತ್ರಿಕೆಯಲ್ಲಿ ಬಂದದ್ದು. (ಕೆನ್ ಲೆಬೆನ್‌ಸೋಲ್ಡ್ ಎಂಬ ಆಟಗಾರ ಇದನ್ನು ಕಂಡುಹಿಡಿದ ಅಂತ ತಪ್ಪಾಗಿ ತಿಳಿದು, ಆ ಹೆಸರನ್ನೂ ತಪ್ಪಾಗಿ ಬರೆದು, ಅದೇ ಉಳಿದುಬಿಟ್ಟಿತು!) ನಾನು ಎರಡು ನೋಟ್ರಂಪ್ ಅಂದರೆ ಪಾರ್ಟ್ನರ್ ಕಣ್ಣು ಮುಚ್ಚಿಕೊಂಡು ಮೂರು ಕ್ಲಬ್ ಅನ್ನಬೇಕು. ಆಮೇಲೆ ನಾನು ಮೂರು ಡೈಮಂಡ್ ಅಂದರೆ ಕೈ ಬಡವ, ಪಾಸ್ ಮಾಡಿ ಅಂತ. ನೇರವಾಗಿ ಮೂರು ಡೈಮಂಡ್ ಅಂದರೆ ಗೇಮ್ ಆಗಲೇಬೇಕು. ಮೂರು ನೋಟ್ರಂಪ್‌ಗೂ ಇದೇ ದಾರಿ: ಸುತ್ತಿಕೊಂಡು ಬಂದರೆ ಎದುರಾಳಿಯ ಸೂಟ್‌ಗೆ ತಡೆ (ಅದರ ಓಟ ನಿಲ್ಲಿಸುವ ಎಲೆ) ಇದೆ, ನೇರ ಬಂದರೆ ಇಲ್ಲ. ಎರಡು ನೋಟ್ರಂಪ್ ಅಂತ 'ಕೈ ಚೆನ್ನಾಗಿದ್ದರೆ ಗೇಮ್‌ಗೆ ಹೋಗಿ' ಎಂದು ಸುಮ್ನೆ ಆಹ್ವಾನ ಕೊಡುವ ಭಾಗ್ಯ ಹೋಗುತ್ತದೆ, ನಿಜ. 8 ಪಾಯಿಂಟ್ ಹಿಡಿದುಕೊಂಡು ಬೆವರುವುದು ಆಗಾಗ ಇದ್ದದ್ದೇ.

ಎರಡು ವಾರ ವಾದ ಮಾಡಿ ಪಾರ್ಟ್ನರನ್ನು ಒಪ್ಪಿಸಿದೆ. ನಮ್ಮ ಒಪ್ಪಂದಗಳ ಕಾರ್ಡಿನ ಮೇಲೂ ಬರೆದೆವು. ಮೊನ್ನೆ ಅಂಥದ್ದೇ ಕೈ ಬಂತು, ನಾನು ಖುಷಿಯಿಂದ ಎರಡು ನೋಟ್ರಂಪ್ ಇಟ್ಟೆ. ಅವರು ಎಲೆಗಳನ್ನು ನೋಡಿದರು, ಛಾವಣಿ ನೋಡಿದರು, ಪಾಸ್ ಇಟ್ಟರು.