ಭೂಫಲಕಗಳ ಪಾಠ ಸ್ಕ್ರೀನ್ ಮೇಲೆ ಶುರುವಾಗಬೇಕೇ? – ಪರ, ವಿರೋಧ

ಪರ: ಮೊದಲು ಕಣ್ಣಿಗೆ ಬೀಳಲಿ

ಭೂಮಿಯ ಮೇಲ್ಭಾಗ ಸರಿದಾಡುವ ದೊಡ್ಡ ದೊಡ್ಡ ಬಂಡೆಯ ತುಂಡುಗಳಾಗಿದೆ, ಅವೇ ಭೂಫಲಕಗಳು. ಈ ಪಾಠದ ಕಷ್ಟ ಏನೆಂದರೆ, ಅದರಲ್ಲಿ ಕೈಗೆ ಸಿಗುವಂಥದ್ದು ಏನೂ ಇಲ್ಲ. ಎಲೆಯ ಪಾಠಕ್ಕೆ ಎಲೆ ಕಿತ್ತು ತರಬಹುದು. ಅಯಸ್ಕಾಂತದ ಪಾಠಕ್ಕೆ ಅಯಸ್ಕಾಂತ ಇದೆ. ಸುಮಾರು 100 ಕಿಲೋಮೀಟರ್ ದಪ್ಪದ ಬಂಡೆ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಸರಿಯುವುದನ್ನು ತರಗತಿಗೆ ಎಲ್ಲಿಂದ ತರುವುದು? ಹಾಗಾಗಿ ಪುಸ್ತಕದಲ್ಲಿ ಒಂದು ಅಡ್ಡಸೀಳಿನ ಚಿತ್ರ, ಅದರ ಮೇಲೆ ಎರಡು ಬಾಣ, ಕೆಳಗೆ ಬಾಯಿಪಾಠ ಮಾಡಲು ಫಲಕಗಳ ಗಡಿಗಳ ಮೂರು ಹೆಸರು. ಮಕ್ಕಳು ಹೆಸರು ಕಲಿಯುತ್ತಾರೆ. ಬಾಣ ಯಾಕೆ ಆ ಕಡೆಗೇ ತಿರುಗಿದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ.

ಇಲ್ಲಿ ಸಾಫ್ಟ್‌ವೇರ್ ಮಾಡುವ ಸಹಾಯ ಚಿಕ್ಕದಲ್ಲ. ಸೈಸ್ಮಿಕ್ ಎಕ್ಸ್‌ಪ್ಲೋರರ್ ಅನ್ನೇ ತಗೊಳ್ಳಿ. ಕಾನ್ಕಾರ್ಡ್ ಕನ್ಸಾರ್ಟಿಯಂ ಎಂಬ ಅಮೆರಿಕದ ಸಂಸ್ಥೆ ಮಾಡಿದ್ದು. ಬ್ರೌಸರ್‌ನಲ್ಲೇ ತೆರೆಯುತ್ತದೆ, ದುಡ್ಡು ಕೊಡಬೇಕಿಲ್ಲ. ನಿಜವಾಗಿ ಆದ ಭೂಕಂಪಗಳು ಭೂಪಟದ ಮೇಲೆ ಚುಕ್ಕಿಗಳಾಗಿ ಕಾಣುತ್ತವೆ. ಚುಕ್ಕಿ ದೊಡ್ಡದಿದ್ದರೆ ಕಂಪನ ಜೋರು. ಬಣ್ಣ ನೋಡಿದರೆ ಅದು ಎಷ್ಟು ಆಳದಲ್ಲಿ ಆಯಿತು ಎಂದು ತಿಳಿಯುತ್ತದೆ. ವರ್ಷಗಳನ್ನು ಓಡಿಸುತ್ತಾ ಹೋದರೆ ಚುಕ್ಕಿಗಳು ಬಿದ್ದು ಬಿದ್ದು, ನೋಡನೋಡುತ್ತಿದ್ದಂತೆ ಫಲಕಗಳ ಅಂಚು ತಾನಾಗಿಯೇ ಮೂಡುತ್ತದೆ. ಆ ಗೆರೆಯನ್ನು ಯಾರೂ ಎಳೆದಿರುವುದಿಲ್ಲ.

ನನಗೆ ಬಹಳ ಇಷ್ಟವಾಗುವುದು ಅದರ ಮುಂದಿನ ಹೆಜ್ಜೆ. ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಗೆ ಅಡ್ಡಲಾಗಿ, ಸಮುದ್ರದಿಂದ ಬೊಲಿವಿಯಾವರೆಗೆ ಒಂದು ಪಟ್ಟಿ ಎಳೆಯಿರಿ. ಆ ಜಾಗದ ನೆಲ ಸೀಳಿದಂತೆ ತೆರೆದುಕೊಳ್ಳುತ್ತದೆ. ಮೌಸ್ ಹಿಡಿದು ತಿರುಗಿಸಿ ಪಕ್ಕದಿಂದ ನೋಡಿ. ಕರಾವಳಿ ಹತ್ತಿರದ ಚುಕ್ಕಿಗಳು ಮೇಲೆಯೇ ಇವೆ. ಪೂರ್ವಕ್ಕೆ ಹೋದ ಹಾಗೆ ಆಳಕ್ಕೆ ಇಳಿಯುತ್ತವೆ, ಬೊಲಿವಿಯಾದ ಕೆಳಗೆ 600 ಕಿಲೋಮೀಟರ್ ದಾಟುತ್ತವೆ. 1994ರಲ್ಲಿ ಅಲ್ಲಿ ಆದ 8.2 ತೀವ್ರತೆಯ ಭೂಕಂಪ ಸುಮಾರು 630 ಕಿಲೋಮೀಟರ್ ಆಳದ್ದು. 'ಒಂದು ಫಲಕ ಇನ್ನೊಂದರಡಿ ನುಸುಳುತ್ತದೆ' ಎಂದು ಶಿಕ್ಷಕರು ಬಾಯಿ ಬಿಡುವ ಮೊದಲೇ, ಇಲ್ಲೇನೋ ಓರೆಯಾಗಿ ಒಳಗೆ ಹೋಗುತ್ತಿದೆ ಎಂದು ಮಕ್ಕಳಿಗೆ ಹೊಳೆಯಬಹುದು. ಜಪಾನಿನ ಕೆಳಗಿನ ಇಂಥದ್ದೇ ಇಳಿಜಾರನ್ನು ಕಿಯೋ ವಡಾಟಿ ಎಂಬ ವಿಜ್ಞಾನಿ 1930ರ ದಶಕದಲ್ಲೇ ಗುರುತಿಸಿದ್ದರು. ಅವರ ಮುಂದಿದ್ದದ್ದು ಬರೀ ಅಂಕಿಗಳ ರಾಶಿ. ಅದೇ ಇಳಿಜಾರು ಇವತ್ತು ಒಂದು ಮಗುವಿನ ಕೈಯಲ್ಲಿ ತಿರುಗುತ್ತದೆ.

ಈಗ ಪಟ್ಟಿಯನ್ನು ಅಟ್ಲಾಂಟಿಕ್ ನಡುವೆ ಎಳೆಯಿರಿ. ಎಲ್ಲವೂ ಮೇಲ್ಮೈ ಹತ್ತಿರವೇ. ಹಿಮಾಲಯಕ್ಕೆ ಅಡ್ಡ ಎಳೆದರೆ ಅಲ್ಲೂ 600 ಕಿಲೋಮೀಟರ್ ಆಳದ ಸಾಲು ಸಿಗುವುದಿಲ್ಲ. ಹಾಗೇ ಸ್ವಲ್ಪ ಪಶ್ಚಿಮಕ್ಕೆ, ಹಿಂದೂಕುಷ್ ಕಡೆಗೆ ಜರುಗಿದರೆ 200 ಕಿಲೋಮೀಟರ್ ಆಸುಪಾಸಿನಲ್ಲಿ ಚುಕ್ಕಿಗಳ ಒಂದು ಗೊಂಚಲು. ಇದು ಯಾಕೆ ಇಲ್ಲಿದೆ? ಶಾಲೆಯ ಪುಸ್ತಕ ಈ ಪ್ರಶ್ನೆ ಕೇಳುವುದೇ ಇಲ್ಲ, ಮಗು ಕೇಳುತ್ತದೆ. ಪಾಠ ಇಂಥ ಕಡೆ ತಿರುಗಿದರೆ ಅದಕ್ಕಿಂತ ಜಾಸ್ತಿ ಏನು ಬೇಕು?

ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ ತಂಡ ಮಾಡಿರುವ ಸಿಮ್ಯುಲೇಶನ್, ಅಂದರೆ ಸ್ಕ್ರೀನ್ ಮೇಲಿನ ಅಣಕು ಪ್ರಯೋಗ, ಬೇರೆ ರೀತಿಯದು. ಅಲ್ಲಿ ಭೂಕವಚದ ತುಂಡುಗಳನ್ನು ನೀವೇ ಆರಿಸಿ ಅಕ್ಕಪಕ್ಕ ಇಡಬೇಕು. ಹಳೆಯ ಸಾಗರ ಕವಚ ಮತ್ತು ಹೊಸ ಸಾಗರ ಕವಚವನ್ನು ಎದುರುಬದುರು ತಳ್ಳಿದರೆ ಹಳೆಯದೇ ಕೆಳಗೆ ಹೋಗುತ್ತದೆ, ಏಕೆಂದರೆ ಅದು ತಣ್ಣಗಾಗಿ ಹೆಚ್ಚು ಸಾಂದ್ರವಾಗಿರುತ್ತದೆ. ಎರಡು ಖಂಡಗಳನ್ನು ತಳ್ಳಿದರೆ ಬೆಟ್ಟ ಏಳುತ್ತದೆ. ಒಂದು ಜೋಡಿ ಬದಲಿಸು, ಏನಾಗಬಹುದೆಂದು ಮೊದಲು ಹೇಳು, ಆಮೇಲೆ ತಳ್ಳು. ಹೀಗೆ ಊಹೆ ತಪ್ಪಾದಾಗ ಕಲಿತದ್ದು ಸುಲಭಕ್ಕೆ ಮರೆಯುವುದಿಲ್ಲ. ಕಾನ್ಕಾರ್ಡ್ ಕನ್ಸಾರ್ಟಿಯಂನದೇ ಆದ ಟೆಕ್ಟಾನಿಕ್ ಎಕ್ಸ್‌ಪ್ಲೋರರ್‌ನಲ್ಲಂತೂ ಇಡೀ ಗ್ರಹವೇ ನಿಮ್ಮದು. ಖಂಡಗಳನ್ನು ಬಿಡಿಸಿ, ಫಲಕಗಳ ಗಡಿಗಳು ಹೇಗೆ ಸರಿಯಬೇಕೆಂದು ನಿರ್ಧರಿಸಬಹುದು. ಎಲ್ಲ ಗಡಿಗಳನ್ನೂ ದೂರ ಸರಿಸೋಣ ಎಂದು ಒಬ್ಬಳು ಹೇಳಿದರೆ, ಪಕ್ಕದವಳು ಕೇಳಬಹುದು: "ಹಾಗಾದ್ರೆ ಭೂಮಿ ಊದಿಕೊಳ್ಳಲ್ವಾ?" ಒಂದು ಕಡೆ ಹುಟ್ಟಿದ ನೆಲ ಇನ್ನೊಂದು ಕಡೆ ಮುಳುಗಲೇಬೇಕು ಎನ್ನುವ ಮಾತು ಆಗ ಅವರದೇ ಬಾಯಿಂದ ಬರುತ್ತದೆ.

ಇದೆಲ್ಲ ಆಟ ಎನ್ನುವವರಿದ್ದಾರೆ. ಆಡುತ್ತಾ ಸಾಂದ್ರತೆಯ ಬಗ್ಗೆ ಜಗಳವಾಡುವ ಮಕ್ಕಳು ನನಗೆ ಬೇಕು.

ವಿರೋಧ: ಸಾಕ್ಷಿ ಮೊದಲು, ಸ್ಕ್ರೀನ್ ಆಮೇಲೆ

ಸಾಫ್ಟ್‌ವೇರ್ ಬೇಡವೇ ಬೇಡ ಎನ್ನುವುದು ಇಲ್ಲಿನ ವಾದವಲ್ಲ. ಪಾಠ ಅಲ್ಲಿಂದ ಶುರುವಾಗಬಾರದು, ಅಷ್ಟೇ.

ಆಲ್‌ಫ್ರೆಡ್ ವೆಗೆನರ್ ಖಂಡಗಳು ಸರಿಯುತ್ತವೆ ಎಂದು ಹೇಳಿದ್ದು 1912ರಲ್ಲಿ. ಅವರ ಬಳಿ ಪಳೆಯುಳಿಕೆಗಳಿದ್ದವು, ಸಾಗರದ ಎರಡೂ ದಡದಲ್ಲಿ ಹೊಂದುವ ಬಂಡೆಗಳಿದ್ದವು. ಆದರೂ ಬಹುಪಾಲು ಭೂವಿಜ್ಞಾನಿಗಳು ಒಪ್ಪಲಿಲ್ಲ, ಏಕೆಂದರೆ ಖಂಡಗಳನ್ನು ತಳ್ಳುವ ಬಲ ಯಾವುದು ಎಂಬುದಕ್ಕೆ ಅವರಲ್ಲಿ ಸರಿಯಾದ ಉತ್ತರ ಇರಲಿಲ್ಲ. 1930ರಲ್ಲಿ ಅವರು ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡಾಗಲೂ ಜಗತ್ತು ಒಪ್ಪಿರಲಿಲ್ಲ. ಸಾಗರದ ತಳ ಅಳೆದು, ಅಲ್ಲಿನ ಬಂಡೆಗಳಲ್ಲಿ ಅಯಸ್ಕಾಂತೀಯ ಪಟ್ಟೆಗಳು ಕಂಡು, 1963ರಲ್ಲಿ ವೈನ್ ಮತ್ತು ಮ್ಯಾಥ್ಯೂಸ್ ಎಂಬ ವಿಜ್ಞಾನಿಗಳು, ಸಾಗರದ ನಡುವೆ ಹೊಸ ತಳ ಹುಟ್ಟಿ ಎರಡೂ ಕಡೆಗೆ ಸರಿಯುವುದರ ಗುರುತು ಅವು ಎಂದು ಅರ್ಥ ಹೇಳಿದ ಮೇಲೆ ಗಾಳಿ ತಿರುಗಿತು. ಅರ್ಧ ಶತಮಾನದ ಜಗಳ ಅದು! ಸಿಮ್ಯುಲೇಶನ್‌ನಲ್ಲಿ ಈ ಜಗಳಕ್ಕೆ ಜಾಗವೇ ಇಲ್ಲ. ಅಲ್ಲಿ ಫಲಕ ಸರಿಯುವುದು ಪ್ರೋಗ್ರಾಂ ಬರೆದವರು ಹಾಗೆ ಬರೆದಿದ್ದಕ್ಕೆ. ಹಳೆಯ ಕವಚ ಕೆಳಗೆ ಹೋಗುವುದೂ ಅದಕ್ಕೇ. ಬಟನ್ ಒತ್ತಿದ ಮಗುವಿಗೆ ಅದು ಪ್ರಯೋಗ ಅನಿಸುತ್ತದೆ. ನಿಜವಾಗಿ ಅದು ಮೊದಲೇ ಬರೆದಿಟ್ಟ ಉತ್ತರ ಓದುತ್ತಿರುತ್ತದೆ.

ಚಿತ್ರ ತಲೆಯಲ್ಲಿ ಕೂರುವುದರ ಅಪಾಯ ಇನ್ನೊಂದು. ಎಷ್ಟೋ ಆ್ಯನಿಮೇಶನ್‌ಗಳಲ್ಲಿ ಭೂಕವಚದ ಕೆಳಗಿನ ದಪ್ಪ ಪದರವಾದ ಮ್ಯಾಂಟಲ್‌ಗೆ ಕೆಂಪೋ ಕಿತ್ತಳೆಯೋ ಬಣ್ಣ ಬಳಿದಿರುತ್ತಾರೆ. ಫಲಕಗಳು ಕುದಿಯುವ ಶಿಲಾಪಾಕದ ಮೇಲೆ ತೇಲುತ್ತಿವೆ ಎಂದು ಮಕ್ಕಳು ತಿಳಿಯದೆ ಇನ್ನೇನು ತಿಳಿದಾರು? ಮ್ಯಾಂಟಲ್ ಬಹುಪಾಲು ಗಟ್ಟಿ ಬಂಡೆ. ಭೂಕಂಪದ ಎಸ್ ಅಲೆಗಳು ದ್ರವದೊಳಗೆ ಸಾಗುವುದಿಲ್ಲ, ಮ್ಯಾಂಟಲ್‌ನೊಳಗೆ ಸಾಗುತ್ತವೆ. ಗಟ್ಟಿಯಾಗಿದ್ದೂ ಲಕ್ಷಾಂತರ ವರ್ಷಗಳಲ್ಲಿ ಅದು ನಿಧಾನವಾಗಿ ಹರಿಯುತ್ತದೆ. ಈ ಪಾಠದ ಅಚ್ಚರಿಯೇ ಅದು, ಆ ಬಣ್ಣ ಅದನ್ನೇ ಅಳಿಸಿಬಿಡುತ್ತದೆ.

ಅಳತೆಯದ್ದೂ ಇದೇ ಕಥೆ. 1 ಮೀಟರ್ ಅಗಲದ ಪರದೆಯಲ್ಲಿ 10,000 ಕಿಲೋಮೀಟರ್ ತೋರಿಸಿದರೆ, ಸುಮಾರು 11 ಕಿಲೋಮೀಟರ್ ಆಳದ ಮರಿಯಾನಾ ಕಂದಕ ಹೆಚ್ಚುಕಡಿಮೆ 1 ಮಿಲಿಮೀಟರ್ ಇರಬೇಕು. ಹಾಗೆ ತೋರಿಸಿದರೆ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಎತ್ತರ, ಆಳವನ್ನು ಎಷ್ಟೋ ಪಟ್ಟು ಎಳೆದಿರುತ್ತಾರೆ. ಕಾಲವನ್ನಂತೂ ಕೇಳುವುದೇ ಬೇಡ, ಕೋಟಿ ವರ್ಷ ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ಅದರ ಬದಲು ಒಂದು ಲೆಕ್ಕ ಹಾಕಿಸಿ. ಅಟ್ಲಾಂಟಿಕ್ ವರ್ಷಕ್ಕೆ ಸುಮಾರು 2.5 ಸೆಂಟಿಮೀಟರ್ ಅಗಲವಾಗುತ್ತಿದೆ. ಇದೇ ವೇಗದಲ್ಲಿ 10 ಕೋಟಿ ವರ್ಷಕ್ಕೆ ಎಷ್ಟು? 2,500 ಕಿಲೋಮೀಟರ್. ಸೊನ್ನೆಗಳನ್ನು ಒಂದೊಂದೇ ಹೊಡೆದುಹಾಕುತ್ತಾ ಹೋಗುವಾಗ ಸಿಗುವ ಕಾಲದ ಅರಿವು ಸ್ಲೈಡರ್ ಎಳೆದರೆ ಸಿಗುವುದಿಲ್ಲ.

ಕೈಯಿಂದ ಮಾಡುವಂಥದ್ದು ಈ ಪಾಠದಲ್ಲಿ ಏನೂ ಇಲ್ಲ ಎನ್ನುವ ಮಾತನ್ನು ನಾನು ಒಪ್ಪಲಾರೆ. ರಟ್ಟಿನಲ್ಲಿ ಒಂದು ಸೀಳು ಮಾಡಿ, ಎರಡು ಕಾಗದದ ಪಟ್ಟಿಗಳನ್ನು ಒಟ್ಟಿಗೆ ಕೆಳಗಿನಿಂದ ಮೇಲೆ ತೂರಿಸಿ. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಸ್ವಲ್ಪ ಎಳೆದು, ಹೊರಬಂದ ಭಾಗಕ್ಕೆ ಕಪ್ಪು ಹಚ್ಚಿ. ಮತ್ತೆ ಎಳೆದು ಬಿಳಿ ಬಿಡಿ. ಆಮೇಲೆ ಮತ್ತೆ ಕಪ್ಪು. ಸೀಳಿನ ಎರಡೂ ಕಡೆ ಒಂದೇ ರೀತಿಯ ಪಟ್ಟೆ ಮೂಡುತ್ತದೆ, ಸೀಳಿನಿಂದ ದೂರ ಇರುವುದೇ ಹಳೆಯದು. ಸಾಗರದ ತಳದ ಗುಟ್ಟು ಇದೇ ತಾನೇ? ಅಟ್ಲಾಂಟಿಕ್‌ನ ನಡುವಿನ ಬೆಟ್ಟಸಾಲಿನ ನೆತ್ತಿಯಲ್ಲಿ ಸೀಳು ಕಣಿವೆ ಇದೆ ಎಂದು ಭೂವಿಜ್ಞಾನಿ ಮೇರಿ ಥಾರ್ಪ್ 1950ರ ದಶಕದಲ್ಲಿ ಕಂಡುಕೊಂಡದ್ದೂ ಹಡಗುಗಳು ತಂದ ಆಳದ ಅಂಕಿಗಳನ್ನು ಕಾಗದದ ಮೇಲೆ ಕೈಯಾರೆ ಗುರುತಿಸುತ್ತಾ.

ಇನ್ನೊಂದು ವಿಷಯ. ಬ್ರೌಸರ್‌ನಲ್ಲಿ ಆ್ಯನಿಮೇಶನ್ ಓಡಿಸುತ್ತಿದ್ದ ಫ್ಲ್ಯಾಶ್ ಎಂಬ ಸಾಫ್ಟ್‌ವೇರ್‌ಗೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ನಿಂತಾಗ ಅದರಲ್ಲಿ ಮಾಡಿದ್ದ ಪಾಠಗಳು ಬ್ರೌಸರ್‌ನಲ್ಲಿ ತೆರೆಯುವುದು ನಿಂತುಹೋಯಿತು. ರಟ್ಟು, ಕಾಗದಕ್ಕೆ ಆ ಭಯ ಇಲ್ಲ.

ಮೇಲಿನ ವಾದ ಅಷ್ಟು ಹೊಗಳಿದ ಚುಕ್ಕಿಗಳ ಬಗ್ಗೆಯೂ ಒಂದು ಮಾತು. ನಿಜವಾದ ಅಂಕಿಗಳು ಎನ್ನುವುದು ಸರಿ. ಆದರೆ ಆ ಚುಕ್ಕಿಗಳ ಭೂಪಟವನ್ನು ಸೀಳಿ ಪಕ್ಕದಿಂದ ನೋಡಿದರೆ 10 ಕಿಲೋಮೀಟರ್ ಆಳದಲ್ಲಿ, 33 ಕಿಲೋಮೀಟರ್ ಆಳದಲ್ಲಿ ಚುಕ್ಕಿಗಳು ಗೆರೆ ಎಳೆದ ಹಾಗೆ ನೆಟ್ಟಗೆ ಸಾಲಾಗಿ ನಿಂತಿರುತ್ತವೆ. ಅಲ್ಲಿ ಭೂಮಿಯೊಳಗೆ ಯಾವ ಪದರವೂ ಇಲ್ಲ. ಆಳ ಸರಿಯಾಗಿ ಲೆಕ್ಕಕ್ಕೆ ಸಿಗದ ಭೂಕಂಪಗಳಿಗೆ ಒಂದು ಸಂಖ್ಯೆಯನ್ನು ಮೊದಲೇ ಗೊತ್ತುಮಾಡಿ ಹಾಕುವ ಪದ್ಧತಿ ಇದೆ, ಆ ಸಾಲು ಅದರದ್ದು. ಅಲೆ ಭೂಕಂಪ ಅಳೆಯುವ ಯಾವ ಕೇಂದ್ರಕ್ಕೆ ಎಷ್ಟು ಹೊತ್ತಿಗೆ ತಲುಪಿತು ಎಂದು ಕೂತು ಲೆಕ್ಕ ಹಾಕಿದ, ಹತ್ತಿರ ಕೇಂದ್ರವಿಲ್ಲದೆ ಆಳ ಸಿಗದೆ ಒದ್ದಾಡಿದ ವಿದ್ಯಾರ್ಥಿ ಆ ಸಾಲು ನೋಡಿ ಅನುಮಾನಪಡುತ್ತಾನೆ. ನೇರವಾಗಿ ಸ್ಕ್ರೀನ್ ಮುಂದೆ ಕೂತವನು ಅದನ್ನೂ ನೋಟ್‌ಬುಕ್‌ನಲ್ಲಿ ಭೂಮಿಯ ಇನ್ನೊಂದು ಪದರ ಎಂದು ಬರೆದುಕೊಳ್ಳುತ್ತಾನೆ.