ಎಂಟೂವರೆ ಪರ್ಸೆಂಟ್ ಪವಾಡ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಒಂದು ಪವಾಡ ನಡೆಯಿತು. ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ಮಕ್ಕಳ ಆಟಿಸಂ, ಓದಲು ಕಷ್ಟವಾಗುವ ಡಿಸ್ಲೆಕ್ಸಿಯಾ, ಗಮನ ನಿಲ್ಲದ ಎಡಿಎಚ್‌ಡಿ ಎಲ್ಲ ಒಟ್ಟಿಗೆ ಮಾಯವಾದವು. ಔಷಧಿ ಇಲ್ಲ, ಥೆರಪಿ ಇಲ್ಲ, ಹರಕೆ ಹೊತ್ತವರೂ ಇಲ್ಲ. ವಾಸಿ ಮಾಡಿದ್ದು ರಾಜ್ಯದ ಶಿಕ್ಷಣ ಇಲಾಖೆ. ಮದ್ದು ಒಂದು ಅಂಕಿ. 8.5.

2004ರಲ್ಲಿ ಈ ಇಲಾಖೆ ಶಾಲಾ ಜಿಲ್ಲೆಗಳಿಗೆ, ಅಂದರೆ ಆಯಾ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತಗಳಿಗೆ, ಅಂಕ ಹಾಕುವ ಪದ್ಧತಿ ತಂದಿತು. ಅಂಗವಿಕಲ ಮಕ್ಕಳಿಗೆ ಅಂತ ಇರುವ ವಿಶೇಷ ಶಿಕ್ಷಣ ಪಡೆಯುವವರು ಜಿಲ್ಲೆಯ ನೂರು ಮಕ್ಕಳಲ್ಲಿ ಎಂಟೂವರೆ ಮಕ್ಕಳನ್ನು ಮೀರದಿದ್ದರೆ ಒಳ್ಳೆಯ ಅಂಕ. ಮೀರಿದರೆ ಕೆಟ್ಟ ಅಂಕ, ಅದರ ಹಿಂದೆ ತಪಾಸಣೆ, ಅದರ ಹಿಂದೆ ‘ನೀವು ಹೇಗೆ ಸುಧಾರಿಸುತ್ತೀರಿ, ಬರೆದುಕೊಡಿ’ ಅನ್ನುವ ಪತ್ರ. ಆಗ ದೇಶದ ಸರಾಸರಿ 13ರ ಆಸುಪಾಸಿನಲ್ಲಿತ್ತು. ಟೆಕ್ಸಾಸ್ ಕೂಡ 12ರ ಹತ್ತಿರ ಇತ್ತು. ಮಿಕ್ಕವರು ಎಲ್ಲಿಗೆ ಹೋಗಬೇಕು ಅಂತ ಪತ್ರದಲ್ಲಿ ಬರೆದಿರಲಿಲ್ಲ. ಅರ್ಧ ಮಗುವನ್ನು ಏನು ಮಾಡಬೇಕು ಅಂತಲೂ ಬರೆದಿರಲಿಲ್ಲ, ಬಿಡಿ.

2015ರ ಹೊತ್ತಿಗೆ ಲೆಕ್ಕ ಬಂದು ನಿಂತಿದ್ದು ಎಲ್ಲಿ ಗೊತ್ತಾ? 8.5. ಇಡೀ ದೇಶದಲ್ಲೇ ಕಡಿಮೆ. ಇಲಾಖೆ ಬಯಸಿದ್ದೂ ಎಂಟೂವರೆ, ಶಾಲೆಗಳು ಕೊಟ್ಟಿದ್ದೂ ಎಂಟೂವರೆ. 50 ಲಕ್ಷಕ್ಕೂ ಜಾಸ್ತಿ ಮಕ್ಕಳಿರುವ ರಾಜ್ಯ ಅದು. ಸರಾಸರಿಗೂ ಇದಕ್ಕೂ ಇರುವ ಅಂತರವನ್ನು ತಲೆ ಎಣಿಸಿ ನೋಡಿದರೆ ಎರಡು ಲಕ್ಷ ದಾಟುತ್ತದೆ. ಒಂದು ದೊಡ್ಡ ಊರಿನಷ್ಟು ಮಕ್ಕಳು ಒಂದು ದಶಮಾಂಶ ಚುಕ್ಕಿಯ ಹಿಂದೆ ಅಡಗಿಬಿಟ್ಟರು.

ತಮಾಷೆ ಏನೆಂದರೆ, ಅಲ್ಲಿನ ಕಾನೂನು ಹೇಳುವುದು ತೀರಾ ಉಲ್ಟಾ. 1975ಕ್ಕೆ ಮೊದಲು ಹತ್ತು ಲಕ್ಷಕ್ಕೂ ಜಾಸ್ತಿ ಅಂಗವಿಕಲ ಮಕ್ಕಳಿಗೆ ಅಮೆರಿಕದ ಸರ್ಕಾರಿ ಶಾಲೆಯ ಬಾಗಿಲೇ ತೆರೆದಿರಲಿಲ್ಲ. ಆ ವರ್ಷ ಬಂದ ಕಾನೂನು ಪ್ರತಿ ಮಗುವಿಗೂ ಅದಕ್ಕೆ ಒಗ್ಗುವ ಶಿಕ್ಷಣ ಪುಕ್ಕಟೆಯಾಗಿ ಸಿಗಬೇಕು ಅಂದಿತು. ಈಗ ಅದನ್ನು ‘ಐಡಿಇಎ’ ಅನ್ನುತ್ತಾರೆ. ಅದರಲ್ಲಿ ‘ಚೈಲ್ಡ್ ಫೈಂಡ್’ ಅಂತ ಒಂದು ನಿಯಮವಿದೆ. ಅಪ್ಪ ಅಮ್ಮ ಬಂದು ಕೇಳಲಿ ಅಂತ ಕಾಯಬೇಡಿ, ನೀವೇ ಹೋಗಿ ಇಂಥ ಮಕ್ಕಳನ್ನು ಹುಡುಕಿ ಅನ್ನುವ ನಿಯಮ. ಟೆಕ್ಸಾಸ್ ಇದನ್ನು ಕಣ್ಣಾಮುಚ್ಚಾಲೆ ಅಂತ ತಿಳಿದುಕೊಂಡಿತು. ಕಣ್ಣು ಮುಚ್ಚಿತು. ಎಂಟೂವರೆಯವರೆಗೆ ಎಣಿಸಿತು. ಆಮೇಲೆ ಹುಡುಕಲು ಹೋಗಲೇ ಇಲ್ಲ.

ಮಕ್ಕಳನ್ನು ಹೊರಗಿಡುವುದು ಕಷ್ಟದ ಕೆಲಸ ಅಂದುಕೊಳ್ಳಬೇಡಿ. ‘ಆಗಲ್ಲ’ ಅನ್ನಬೇಕಾಗಿಯೇ ಇಲ್ಲ. ‘ಈಗಲೇ ಯಾಕಮ್ಮ ಅವಸರ, ಸ್ವಲ್ಪ ಕಾದು ನೋಡೋಣ’ ಅಂದರೆ ಸಾಕು. ಮಗುವಿಗೆ ಮೊದಲು ತರಗತಿಯಲ್ಲೇ ಒಂದಿಷ್ಟು ಹೆಚ್ಚಿನ ಪಾಠ ಹೇಳಿ ನೋಡುವ ಪದ್ಧತಿ ಇದೆ. ಒಳ್ಳೆಯ ಪದ್ಧತಿಯೇ. ಅದನ್ನು, ಮಗುವಿಗೆ ವಿಶೇಷ ಶಿಕ್ಷಣ ಬೇಕೇ ಅಂತ ನೋಡುವ ಪರೀಕ್ಷೆ ಮುಂದೂಡುವ ನೆಪ ಮಾಡಿಕೊಂಡರೆ ಒಂದು ವರ್ಷ ಹಾಗೇ ಕಳೆಯುತ್ತದೆ. ಡಿಸ್ಲೆಕ್ಸಿಯಾ ಇರುವ ಮಗುವಾದರೆ ಬೇರೆ ಕಾನೂನಿನ ಬೇರೆ ಫಾರಂ ಕೈಗೆ ಕೊಡಬಹುದು. ಆ ಫಾರಂನವರು ಎಂಟೂವರೆಯ ಲೆಕ್ಕಕ್ಕೆ ಬರುವುದಿಲ್ಲ. ಮನೆಯಲ್ಲಿ ಇಂಗ್ಲಿಷ್ ಮಾತಾಡದ ಮಗುವೇ? ಇನ್ನೂ ಸುಲಭ. ‘ಓದೋಕೆ ಬರ್ತಿಲ್ಲ ಅಂದ್ರೆ ಭಾಷೆ ಸಮಸ್ಯೆ ಕಣಮ್ಮ.’ ಮುಗಿಯಿತು.

2016ರಲ್ಲಿ ‘ಹ್ಯೂಸ್ಟನ್ ಕ್ರಾನಿಕಲ್’ ಪತ್ರಿಕೆ ಇದನ್ನೆಲ್ಲ ಬಯಲಿಗೆಳೆಯಿತು. ಇಲಾಖೆಯ ಉತ್ತರ ಕೇಳಬೇಕು. ಇದು ಮಿತಿ ಅಲ್ಲವಂತೆ, ಬರೀ ಸೂಚಕವಂತೆ! ಹೌದು ಸ್ವಾಮಿ, ಬೆತ್ತವೂ ಸೂಚಕವೇ. ಮೇಷ್ಟ್ರು ಅದನ್ನು ಹಿಡಿದು ನಿಂತರೆ ಮಕ್ಕಳಿಗೆ ಏನೋ ಸೂಚನೆ ಸಿಗುತ್ತದೆ.

ಇನ್ನು ಎಂಟೂವರೆಯೊಳಗೆ ಜಾಗ ಸಿಕ್ಕಿದ ಪುಣ್ಯವಂತರು. ಅವರಿಗೆ ಐಇಪಿ ಸಿಗುತ್ತದೆ. ಆ ಒಂದು ಮಗುವಿಗೆ ಅಂತಲೇ ಬರೆದ ಕಲಿಕೆಯ ಯೋಜನೆ ಅದು. ವರ್ಷಕ್ಕೊಮ್ಮೆ ಮೀಟಿಂಗ್. ಈಗ ನಾನು ಹೇಳುವುದು ಟೆಕ್ಸಾಸ್ ಒಂದರ ಮಾತಲ್ಲ. ಮೇಜಿನ ಆ ಕಡೆ ಪ್ರಾಂಶುಪಾಲರು, ತರಗತಿಯ ಶಿಕ್ಷಕಿ, ವಿಶೇಷ ಶಿಕ್ಷಕಿ, ಮನಶ್ಶಾಸ್ತ್ರಜ್ಞೆ, ಸ್ಪೀಚ್ ಥೆರಪಿಸ್ಟ್. ಈ ಕಡೆ ಒಬ್ಬಳು ತಾಯಿ. ‘ನಾವೆಲ್ಲ ಒಂದೇ ತಂಡ’ ಅಂತ ಶುರು ಮಾಡುತ್ತಾರೆ. ಆ ಕಡೆಯವರ ಕೈಯಲ್ಲಿ ಆಗಲೇ ಟೈಪಾದ ಯೋಜನೆ ಇರುತ್ತದೆ. ತಾಯಿಯ ಕೈಗೆ ಅವಳ ಹಕ್ಕುಗಳ ದಪ್ಪ ಕಟ್ಟು ಬರುತ್ತದೆ. ಅದನ್ನು ಓದಿ ಮುಗಿಸುವಷ್ಟರಲ್ಲಿ ಮಗು ಮುಂದಿನ ತರಗತಿಗೆ ಹೋಗಿರುತ್ತದೆ.

ಯೋಜನೆಯ ಭಾಷೆಯೂ ಚೆನ್ನ. ‘ವಿದ್ಯಾರ್ಥಿಯು ಐದರಲ್ಲಿ ನಾಲ್ಕು ಸಲ, ಶೇ. 80 ನಿಖರತೆಯೊಂದಿಗೆ, ಸಹಾಯ ಕೇಳುತ್ತಾನೆ.’ ಕೇಳಿದಾಗ ಸಹಾಯ ಮಾಡುವವರು ಐದರಲ್ಲಿ ಎಷ್ಟು ಸಲ ಅಲ್ಲಿರುತ್ತಾರೆ ಅನ್ನುವುದಕ್ಕೆ ಫಾರಂನಲ್ಲಿ ಕಾಲಂ ಇಲ್ಲ. ಸ್ಪೀಚ್ ಥೆರಪಿಸ್ಟ್ ಹುದ್ದೆ ಖಾಲಿ ಇದ್ದರೆ ವಾರಕ್ಕೆ 30 ನಿಮಿಷ ಅಂತ ಬರೆದದ್ದು ಕಾಗದದಲ್ಲಿ ಮಾತಾಡುತ್ತಿರುತ್ತದೆ. ಮಗು ಸುಮ್ನೆ ಕೂತಿರುತ್ತದೆ.

ಸರಿ, ಮಗು ಎಷ್ಟು ಕಲಿತರೆ ಶಾಲೆಯ ಜವಾಬ್ದಾರಿ ತೀರಿತು? ಇದಕ್ಕೆ ಡೆನ್ವರ್‌ನ ಫೆಡರಲ್ ಮೇಲ್ಮನವಿ ಕೋರ್ಟ್ ಒಂದು ಅಳತೆಗೋಲು ಇಟ್ಟುಕೊಂಡಿತ್ತು. ನಮ್ಮ ಮಾತಲ್ಲಿ ಹೇಳುವುದಾದರೆ, ‘ಏನೂ ಇಲ್ಲ ಅನ್ನುವುದಕ್ಕಿಂತ ಒಂಚೂರು ಜಾಸ್ತಿ.’ ಈಜು ಕಲಿಸುವವನು ಮುಳುಗುವುದಕ್ಕಿಂತ ಒಂಚೂರು ಮೇಲಿರುವಷ್ಟು ಕಲಿಸಿ ಫೀಸು ಕೇಳಿದ ಹಾಗೆ. 2008ರ ತೀರ್ಪಿನಲ್ಲಿ ಈ ಮಾತು ಬರೆದವರು ನ್ಯಾಯಮೂರ್ತಿ ನೀಲ್ ಗೋರ್ಸಚ್. 2017ರ ಮಾರ್ಚ್ 22ರಂದು ಸುಪ್ರೀಂ ಕೋರ್ಟ್‌ನ ಎಂಟೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಈ ಅಳತೆಗೋಲನ್ನು ಮುರಿದು ಹಾಕಿದರು. ಇಷ್ಟೇ ಕೊಟ್ಟರೆ ಅದನ್ನು ಶಿಕ್ಷಣ ಅನ್ನುವುದೇ ಕಷ್ಟ ಅಂದರು. ಆ ಹೊತ್ತಿಗೆ ಗೋರ್ಸಚ್ ಎಲ್ಲಿದ್ದರು? ಸೆನೆಟ್ ಸಮಿತಿಯ ಮುಂದೆ ಇಂಟರ್‌ವ್ಯೂಗೆ ಕೂತಿದ್ದರು. ಅದೇ ಸುಪ್ರೀಂ ಕೋರ್ಟ್‌ನ ಒಂಬತ್ತನೇ ಕುರ್ಚಿಗೆ. ಮುಂದಿನ ತಿಂಗಳು ಕೆಲಸ ಸಿಕ್ಕಿತು. ಅವರ ಪ್ರಗತಿ ಮಾತ್ರ ಒಂಚೂರಿಗಿಂತ ಜಾಸ್ತಿಯೇ ಇತ್ತು.

ದುಡ್ಡಿನ ಕಥೆ ಚಿಕ್ಕದು. ಒಂದು ಮಗುವಿನ ಓದಿಗೆ ದೇಶದಲ್ಲಿ ಸರಾಸರಿ ಎಷ್ಟು ಖರ್ಚಾಗುತ್ತದೋ ಅದರ 40 ಪರ್ಸೆಂಟ್‌ನಷ್ಟನ್ನು ಪ್ರತಿ ವಿಶೇಷ ಮಗುವಿಗೂ ಹೆಚ್ಚಾಗಿ ಕೊಡುತ್ತೇವೆ ಅನ್ನುವ ಗುರಿಯನ್ನು ಕೇಂದ್ರ ಸರ್ಕಾರ 1975ರಲ್ಲೇ ಇಟ್ಟುಕೊಂಡಿತು. ಇವತ್ತಿನವರೆಗೆ ಒಂದು ವರ್ಷವೂ ಅಷ್ಟು ಕೊಟ್ಟಿಲ್ಲ. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕುವಾಗಲೇ, ಇದರಲ್ಲಿ ನಮ್ಮ ಕೈಲಿ ಆಗುವುದಕ್ಕಿಂತ ಜಾಸ್ತಿ ಮಾತು ಕೊಟ್ಟಿದ್ದೇವೆ ಅಂದಿದ್ದರು. ಪುಣ್ಯಾತ್ಮ, ಆ ಮಾತನ್ನಾದರೂ ಸರ್ಕಾರ ಉಳಿಸಿಕೊಂಡಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ? ಟೆಕ್ಸಾಸ್ ಹಾಸಿಗೆ ಅಳೆದು, ಎಷ್ಟು ಮಕ್ಕಳಿಗೆ ಕಾಲಿದೆ ಅಂತ ತೀರ್ಮಾನ ಮಾಡಿತು.

ಈಗ ಆ ಅಂಕಿ ಇಲ್ಲ. 2017ರಲ್ಲಿ ಟೆಕ್ಸಾಸ್ ಶಾಸನಸಭೆ ಇಂಥ ಮಿತಿಯನ್ನೇ ನಿಷೇಧಿಸಿತು. ಅದು ಮಿತಿಯೇ ಅಲ್ಲ ಅಂದಿದ್ದರಲ್ಲ, ಇಲ್ಲದ್ದನ್ನು ನಿಷೇಧಿಸಲೂ ಒಂದು ಕಾನೂನು ಬೇಕಾಯಿತು. 2018ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಇಲಾಖೆ, ನೀವು ಕಾನೂನು ಮುರಿದಿದ್ದೀರಿ, ಬಿಟ್ಟುಹೋದ ಮಕ್ಕಳನ್ನು ಹುಡುಕಿ ಅಂದಿತು. ಹುಡುಕಿದರು. ಅಂಕಿ ಮತ್ತೆ 12 ದಾಟಿತು. ವಾಸಿಯಾಗಿದ್ದ ಕಾಯಿಲೆ ಮರುಕಳಿಸಿತು ಅಂತ ಇಲಾಖೆ ಹೇಳಲಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡಿತು.

2004ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು ಸರಿಯಾಗಿ ಓದಿದ್ದರೆ 2016ಕ್ಕೆ ಹನ್ನೆರಡನೇ ಕ್ಲಾಸ್ ಮುಗಿಸಿರುತ್ತದೆ. ‘ಸ್ವಲ್ಪ ಕಾದು ನೋಡೋಣ’ ಅಂದಿದ್ದರಲ್ಲ, ಆ ಮಗು. ಇಲಾಖೆಯವರು ಫಾರಂ ಹಿಡಿದು ಈಗ ಅದರ ಮನೆಯ ಬಾಗಿಲು ತಟ್ಟಿದರೆ, ಬಾಗಿಲು ತೆರೆಯುವವನಿಗೆ ಮೀಸೆ ಬಂದಿರುತ್ತದೆ.