ಸತ್ಯಾಂಶ: ಸೆಕ್ಸ್ ಪಿಸ್ಟಲ್ಸ್ ಆಲ್ಬಂನಲ್ಲಿ ಬೇಸ್ ನುಡಿಸಿದ್ದು ಯಾರು?

ಲಂಡನ್ನಿನ ಪಂಕ್ ರಾಕ್ ಸಂಗೀತ ತಂಡ ಸೆಕ್ಸ್ ಪಿಸ್ಟಲ್ಸ್ ಕಟ್ಟಿದ್ದೇ ಸಿಡ್ ವಿಷಸ್, ತಂಡದ 'ನೆವರ್ ಮೈಂಡ್ ದ ಬಾಲಕ್ಸ್' ಆಲ್ಬಂನ ಬೇಸ್ ಗಿಟಾರ್ ಪೂರ್ತಿ ಅವರದೇ ಅಂತ ಒಂದು ಫಾರ್ವರ್ಡ್ ಓಡಾಡುತ್ತಿದೆ. ಎರಡೂ ತಪ್ಪು.

1975ರಲ್ಲಿ ತಂಡ ಶುರುವಾದಾಗ ಬೇಸ್ ಹಿಡಿದಿದ್ದವರು ಗ್ಲೆನ್ ಮ್ಯಾಟ್ಲಾಕ್. ಹೆಚ್ಚಿನ ಹಾಡುಗಳನ್ನು ಕಟ್ಟಿದ್ದರಲ್ಲಿ ಅವರ ಪಾಲಿದೆ. 'ಅನಾರ್ಕಿ ಇನ್ ದ ಯು.ಕೆ.' ಹಾಡಿನಲ್ಲಿ ಕೇಳುವ ಬೇಸ್ ಕೂಡ ಅವರದೇ. 1977ರ ಫೆಬ್ರವರಿಯಲ್ಲಿ ಅವರು ಹೊರಬಿದ್ದ ಮೇಲಷ್ಟೇ ಸಿಡ್ ಬಂದರು. ಸಿಡ್‌ಗೆ ನುಡಿಸಲು ಅಷ್ಟಾಗಿ ಬರುತ್ತಿರಲಿಲ್ಲ. ಸಾಲದ್ದಕ್ಕೆ, ರೆಕಾರ್ಡಿಂಗ್ ಹೊತ್ತಿಗೆ ಹೆಪಟೈಟಿಸ್ ಆಗಿ ಆಸ್ಪತ್ರೆ ಸೇರಿದರು. ಹಾಗಾಗಿ ಗಿಟಾರಿಸ್ಟ್ ಸ್ಟೀವ್ ಜೋನ್ಸ್ ಹೆಚ್ಚಿನ ಹಾಡುಗಳಿಗೆ ಬೇಸನ್ನೂ ತಾವೇ ನುಡಿಸಿದರು. 'ಬಾಡೀಸ್' ಹಾಡಿನಲ್ಲಿ ಸಿಡ್ ನುಡಿಸಿದ್ದು ಇದೆ, ಆದರೆ ಜೋನ್ಸ್ ಬೇಸಿನ ಅಡಿ ಮುಚ್ಚಿಹೋಗಿದೆ.

ಸಿಡ್ ಫೋಟೋ ಎಲ್ಲರಿಗೂ ಗೊತ್ತು, ಮ್ಯಾಟ್ಲಾಕ್ ಹೆಸರು ಮಾತ್ರ ಜಾಸ್ತಿ ಜನರಿಗೆ ಗೊತ್ತಿಲ್ಲ. ಇದು ಅನ್ಯಾಯ ಅಲ್ವಾ? ಸಿಡ್ ಸೇರಿ ವರ್ಷ ತುಂಬುವ ಮೊದಲೇ, 1978ರ ಜನವರಿಯಲ್ಲಿ, ತಂಡವೇ ಒಡೆಯಿತು.